ಸೂಜಿ ಹಾಕಿಸಿದ ಮೇಲೆ ಜ್ವರ ಬಂದರೆ

ಪೋಷಕರಿಗೆ ನಮಸ್ಕಾರ.

ಮುಂದಿನ ವಾರ ಮುನ್ಸಿಪಾಲ್ಟಿ ದವಾಖಾನೆಯವರು ಶಾಲೆಗೆ ಬಂದು 10 ಮತ್ತು 16 ವರ್ಷದ ಮಕ್ಕಳಿಗೆ ಟಿಡಿ ಲಸಿಕೆ ಹಾಕಲಿದ್ದಾರೆ. ಧನುರ್ವಾಯು, ಗಂಟಲಮಾರಿ ತಡೆಯುವ ಸೂಜಿ ಇದು. ಪೋಷಕರ ಸಭೆಯಲ್ಲಿ ಹಲವರು ಕೇಳಿದ್ದು ಒಂದೇ: "ಮೇಡಂ, ತೋಳು ಊದುತ್ತದಲ್ಲ, ಜ್ವರ ಬರುತ್ತದಲ್ಲ, ಔಷಧಿ ಸರಿ ಇರುತ್ತದಾ?"

ಸಾಮಾನ್ಯವಾಗಿ ಆ ಊತ, ಜ್ವರ ಬರುವುದು ಔಷಧಿ ಕೆಟ್ಟಿದ್ದರಿಂದ ಅಲ್ಲ. ಅದು ಮಗುವಿನ ಬಿಳಿ ರಕ್ತಕಣಗಳ ಕೆಲಸ. ನಮ್ಮ ಮಾಂಸ, ಚರ್ಮದಲ್ಲೆಲ್ಲ ಮ್ಯಾಕ್ರೋಫೇಜ್ ಎಂಬ ದೊಡ್ಡ ಬಿಳಿ ಕಣಗಳು ಕಾವಲಿರುತ್ತವೆ. ಹೊರಗಿನದೇನೋ ಒಳಗೆ ಬಂದಿದೆ ಎಂದು ಗೊತ್ತಾದರೆ, ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಆ ಕಣದ ಕೇಂದ್ರಕ್ಕೆ ಹೋಗಿ ಕೆಲವು ಜೀನ್‌ಗಳನ್ನು ಎಬ್ಬಿಸುತ್ತದೆ. ಕೆಲವೇ ಗಂಟೆಗಳಲ್ಲಿ ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಎಂಬ ಪುಟ್ಟ ಪ್ರೋಟೀನುಗಳು ತಯಾರಾಗಿ ಹೊರಗೆ ಬರುತ್ತವೆ. ಇವೇ ಸೈಟೊಕೈನ್‌ಗಳು. ಹೆಸರು ಕಷ್ಟ, ಕೆಲಸ ಸುಲಭ: ಪಕ್ಕದವರನ್ನು ಕೂಗಿ ಕರೆಯುವುದು. ಇವುಗಳಿಂದ ರಕ್ತನಾಳದ ಗೋಡೆ ಸಡಿಲವಾಗಿ ನೀರಿನಂಶವೂ ಇನ್ನಷ್ಟು ಬಿಳಿ ಕಣಗಳೂ ಅಲ್ಲಿ ಸೇರುತ್ತವೆ. ತೋಳು ಕೆಂಪಾಗಿ ಊದುತ್ತದೆ. ಸೈಟೊಕೈನ್‌ಗಳ ಸುದ್ದಿ ಮಿದುಳಿನಲ್ಲಿ ಮೈಶಾಖ ನೋಡಿಕೊಳ್ಳುವ ಹೈಪೊಥಲಾಮಸ್ ಎಂಬ ಭಾಗಕ್ಕೆ ಮುಟ್ಟಿದರೆ ಅಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹುಟ್ಟಿ ಮೈ ಬಿಸಿಯಾಗುತ್ತದೆ. ಪ್ಯಾರಾಸಿಟಮಾಲ್ ಕಡಿಮೆ ಮಾಡುವುದು ಈ ಪ್ರೋಸ್ಟಗ್ಲಾಂಡಿನ್ನನ್ನೇ. ಆಂಟಿಬಯಾಟಿಕ್‌ಗೆ ಇಲ್ಲಿ ಕೆಲಸವೇ ಇಲ್ಲ. ಹೋದ ಸಲದ್ದು ಮನೆಯಲ್ಲಿ ಉಳಿದಿದೆ ಎಂದು ಸುಮ್ನೆ ಕೊಡಬೇಡಿ.

ಪರೇಲ್‌ನಲ್ಲಿ ಹಾಫ್‌ಕಿನ್ ಸಂಸ್ಥೆ ನೋಡಿದ್ದೀರಿ, ಅಲ್ವಾ? ಅದಕ್ಕೆ ಹೆಸರು ಕೊಟ್ಟ ವಿಜ್ಞಾನಿ ಹಾಫ್‌ಕಿನ್ 1897ರ ಜನವರಿಯಲ್ಲಿ ಇದೇ ಮುಂಬಯಿಯಲ್ಲಿ ತಾವು ತಯಾರಿಸಿದ ಪ್ಲೇಗ್ ಲಸಿಕೆಯನ್ನು ಮೊದಲು ತಮಗೇ ಚುಚ್ಚಿಸಿಕೊಂಡರು. ಅವರಿಗೂ ಜ್ವರ ಬಂತು, ನೋವಾಯಿತು. ಸೈಟೊಕೈನ್ ಎಂಬ ಹೆಸರೇ ಆಗ ಇರಲಿಲ್ಲ.

ಜ್ವರ ಬಾರದಿದ್ದರೆ ಲಸಿಕೆ ಹತ್ತಲಿಲ್ಲ ಎಂದೂ ಅಲ್ಲ. ಎಷ್ಟೋ ಮಕ್ಕಳಿಗೆ ಏನೂ ಆಗುವುದಿಲ್ಲ.

ಸೂಜಿ ಹಾಕಿದ ಜಾಗವನ್ನು ತಿಕ್ಕಬೇಡಿ, ಎಣ್ಣೆ ಹಚ್ಚಬೇಡಿ. ತಣ್ಣೀರಿನ ಬಟ್ಟೆ ಸಾಕು. ಪ್ಯಾರಾಸಿಟಮಾಲ್ ಎಷ್ಟು ಕೊಡಬೇಕೆಂದು ಡಾಕ್ಟರನ್ನು ಕೇಳಿಯೇ ಕೊಡಿ. ಜ್ವರ ಎರಡು ದಿನ ದಾಟಿದರೆ ಡಾಕ್ಟರಿಗೆ ತೋರಿಸಿ. ಉಸಿರಾಟಕ್ಕೆ ಕಷ್ಟವಾದರೆ, ಮುಖ ಊದಿದರೆ, ಮೈಮೇಲೆ ದದ್ದು ಎದ್ದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಅಂಥದ್ದು ತೀರಾ ಅಪರೂಪ. ಆದರೂ ಸೂಜಿ ಆದ ಮೇಲೆ ಅರ್ಧ ಗಂಟೆ ಮಕ್ಕಳನ್ನು ನಮ್ಮ ಕಣ್ಣೆದುರೇ ಕೂರಿಸುತ್ತೇವೆ.

ಹಿಂದೆ ಯಾವುದಾದರೂ ಲಸಿಕೆಗೆ ಮಗುವಿಗೆ ಹೀಗೆ ಜಾಸ್ತಿ ತೊಂದರೆ ಆಗಿದ್ದರೆ ಮೊದಲೇ ತಿಳಿಸಿ. ಅಂದು ಮಕ್ಕಳು ತಿಂಡಿ ತಿಂದೇ ಬರಲಿ. ಒಪ್ಪಿಗೆ ಚೀಟಿ ಡೈರಿಯಲ್ಲಿದೆ. ಹೋಟೆಲಿನಲ್ಲಿ ರಾತ್ರಿ ಪಾಳಿ ಮಾಡುವ ತಂದೆಯಂದಿರು ಬರಬೇಕಿಲ್ಲ, ಮನೆಯಲ್ಲಿ ತಾಯಿ ಸಹಿ ಹಾಕಿದರೂ ನಡೆಯುತ್ತದೆ. ಶುಕ್ರವಾರದೊಳಗೆ ಕಳಿಸಿಕೊಡಿ.

ಇಂತಿ,
ಮುಖ್ಯೋಪಾಧ್ಯಾಯಿನಿ
ಕನ್ನಡ ಮಾಧ್ಯಮ ಶಾಲೆ, ಮುಂಬಯಿ