ಗಬ್ಬದ ಕುರಿಗೆ ಶಿವರಾತ್ರಿಗೆ ಎರಡು ವಾರ ಮುಂಚೆಯಿಂದ ಯುಗಾದಿವರೆಗೆ ಎರಡು ಹಿಡಿ ಕಾಳು ಜಾಸ್ತಿ ಹಾಕ್ರಪ್ಪಾ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರ್‌ನ ಕೃಷಿ ಪುಟ ನಾನು ಪ್ರತಿ ವಾರ ಓದ್ತೀನಿ. ಹಸು ಎಮ್ಮೆ ಬಗ್ಗೆ ಬೇಕಾದಷ್ಟು ಬರುತ್ತೆ, ಆದ್ರೆ ಗಬ್ಬದ ಕುರಿಗೆ ಏನು ಹಾಕ್ಬೇಕು ಅನ್ನೋದು ಒಂದು ಸಲಾನೂ ಬಂದಿದ್ದು ನೋಡಿಲ್ಲ, ಅದಕ್ಕೇ ಈ ಪತ್ರ.

ಹೋದ ವರ್ಷ ಯುಗಾದಿಗೆ ಹತ್ತು ದಿನ ಇರೋವಾಗ ನಮ್ಮ ರೊಪ್ಪದಲ್ಲಿ ಎರಡು ಗಬ್ಬದ ಕುರಿ ಸತ್ತೋದ್ವು. ಎರಡರ ಹೊಟ್ಟೇಲೂ ಅವಳಿ ಮರಿ. ಮೊದಲನೇದು ಮಂದೆ ಬಿಟ್ಟು ಮೂಲೇಲಿ ನಿಂತ್ಕೊಂಡಿತ್ತು, ಮೇವು ಮುಟ್ಟಲಿಲ್ಲ, ಹಲ್ಲು ಕಡೀತಿತ್ತು, ಕಣ್ಣು ಕಾಣದಂಗೆ ಹೋಗಿ ಗೋಡೆಗೆ ಹಾಯ್ತಿತ್ತು, ನಾವು ಬಿಸಿಲಿಗೆ ಹಿಂಗಾಗಿರಬೇಕು ಅಂದ್ಕೊಂಡು ನೀರು ಕುಡಿಸಿ ಸುಮ್ಮನಾದ್ವಿ, ಮೂರನೇ ದಿನ ಮಲಗಿದ್ದು ಏಳಲೇ ಇಲ್ಲ. ಎರಡನೇದು ಮಲಗಿದಾಗ ಡಾಕ್ಟ್ರು ಬಂದು ಬಾಯಿ ವಾಸನೆ ನೋಡಿದವರೇ ಇದು ಕೀಟೋಸಿಸ್, ಹೊಟ್ಟೆಗೆ ಸಾಲದೆ ಬಂದಿರೋದು, ಮೇವು ಬಿಟ್ಟ ದಿನಾನೇ ಕರೆದಿದ್ರೆ ಗ್ಲೂಕೋಸ್ ಹಾಕಿ ಪ್ರೊಪಿಲೀನ್ ಗ್ಲೈಕಾಲ್ ಅನ್ನೋ ಶಕ್ತಿ ಕೊಡೋ ಔಷಧಿ ಕುಡಿಸಿ ನೋಡಬಹುದಿತ್ತು ಅಂದ್ರು. ದಿನಾ ಮೇಯೋಕೆ ಬಿಡ್ತಿದ್ದೀವಲ್ಲ ಹೊಟ್ಟೆಗೆ ಹೆಂಗೆ ಸಾಲದು ಅಂತ ನನಗೆ ಆಗ ಅರ್ಥ ಆಗಿರಲಿಲ್ಲ.

ಕುರಿ ಗಬ್ಬ ಐದು ತಿಂಗಳು, 147ರಿಂದ 150 ದಿನ. ಹೊಟ್ಟೇಲಿರೋ ಮರಿ ಮುಕ್ಕಾಲು ಪಾಲು ಬೆಳೆಯೋದು ಕೊನೇ ಒಂದೂವರೆ ತಿಂಗಳಲ್ಲೇ. ಅದೇ ಟೈಮಲ್ಲಿ ಮರಿ ದೊಡ್ಡದಾಗಿ ಕುರಿ ಹೊಟ್ಟೇನ ಒತ್ತುತ್ತೆ, ಒಣಹುಲ್ಲು ತುಂಬಿಸ್ಕೊಳ್ಳೋಕೆ ಒಳಗೆ ಜಾಗಾನೇ ಇರಲ್ಲ, ಬೇಕಾಗಿರೋದು ಜಾಸ್ತಿ ತಿನ್ನೋಕಾಗೋದು ಕಮ್ಮಿ, ಆಗ ಮೈಯಲ್ಲಿರೋ ಕೊಬ್ಬು ಕರಗಿಸ್ಕೊಂಡು ಕೊನೆಗೆ ಅದೇ ವಿಷ ಆಗುತ್ತೆ. ನಮ್ಮ ಕಡೆ ದೀಪಾವಳಿ ಹೊತ್ತಿಗೆ ಗಬ್ಬ ನಿಂತಿದ್ದು ಯುಗಾದಿ ಆಸುಪಾಸಲ್ಲಿ ಈಯುತ್ತೆ, ಅಂದ್ರೆ ಆ ಒಂದೂವರೆ ತಿಂಗಳು ಶಿವರಾತ್ರಿಗೆ ಎರಡು ವಾರ ಮುಂಚೆನೇ ಶುರು. ಅಷ್ಟೊತ್ತಿಗೆ ಗುಡ್ಡದಲ್ಲಿ ಹಸಿರು ಎಲ್ಲಿರುತ್ತೆ ಹೇಳಿ.

ಈಗ ನಾರಿ ಸುವರ್ಣ ತಳಿ ಸಾಕೋರು ಜಾಸ್ತಿ ಆಗಿದಾರೆ, ನಾನೂ ತಂದಿದೀನಿ. ಬಂಗಾಳದ ಸುಂದರಬನದ ಗ್ಯಾರೋಲ್ ಅನ್ನೋ ಪುಟ್ಟ ಕುರಿಯಿಂದ ಅವಳಿ ಗುಣ ತಂದು ದಖನಿ ಕುರಿಗೆ ಸೇರಿಸಿ ಮಹಾರಾಷ್ಟ್ರದ ಫಲ್ಟಣದಲ್ಲಿ ಮಾಡಿದ ತಳಿ ಅದು, ಒಳ್ಳೇ ತಳಿ, ಅದರಲ್ಲಿ ತಪ್ಪಿಲ್ಲ. ಆದ್ರೆ ಎರಡು ಮರಿ ಬೇಕು ಅಂದ್ರೆ ಎರಡು ಮರಿಗಾಗೋಷ್ಟು ಹಾಕ್ಬೇಕಲ್ವಾ, ಮಾರೋರು ಅವಳಿ ಅಂತ ಹೇಳ್ತಾರೆ, ಮೇವಿನ ಮಾತು ಯಾರೂ ಹೇಳಲ್ಲ.

ಈ ವರ್ಷ ಡಾಕ್ಟ್ರು ಹೇಳಿದಂಗೆ ಮಾಡ್ತಿದೀನಿ. ಮೆಕ್ಕೆಜೋಳದ ನುಚ್ಚು, ಶೇಂಗಾ ಹಿಂಡಿ, ಗೋಧಿ ಬೂಸಾ ಸೇರಿಸಿ ಒಂದು ಕುರಿಗೆ ದಿನಕ್ಕೆ 200 ಗ್ರಾಂ, ಅವಳಿ ಇದೆ ಅನ್ನಿಸಿದ್ದಕ್ಕೆ 300, ಅದನ್ನೂ ಬೆಳಗ್ಗೆ ಸಂಜೆ ಎರಡು ಭಾಗ ಮಾಡಿ. ಜೊತೆಗೆ ಶೇಂಗಾ ಹೊಟ್ಟು, ಅಗಸೆ ಸೊಪ್ಪು. ಒಂದೇ ಸಲ ಜಾಸ್ತಿ ಹಾಕ್ಬೇಡಿ, 50 ಗ್ರಾಂನಿಂದ ಶುರು ಮಾಡಿ ಎರಡು ವಾರದಲ್ಲಿ ಏರಿಸ್ಬೇಕು, ಇಲ್ಲಾಂದ್ರೆ ಕಾಳು ತಿಂದು ಹೊಟ್ಟೆ ಹುಳಿ ಆಗಿ ಸಾಯುತ್ತೆ. ಬೆನ್ನುಮೂಳೆ ಮೇಲೆ ಕೈ ಇಟ್ಟು ನೋಡಿದ್ರೆ ಯಾವುದು ಸೊರಗಿದೆ ಅಂತ ಗೊತ್ತಾಗುತ್ತೆ, ಉಣ್ಣೆ ಇರೋದ್ರಿಂದ ಬರೀ ಕಣ್ಣಲ್ಲಿ ನೋಡಿದ್ರೆ ಎಲ್ಲಾ ಗುಂಡಗೇ ಕಾಣ್ತಾವೆ. ತೀರಾ ಕೊಬ್ಬಿದ ಕುರಿಗೂ ಇದೇ ಕಾಯಿಲೆ ಬರುತ್ತಂತೆ, ಅದಕ್ಕೇ ಮೊದಲ ಮೂರು ತಿಂಗಳು ಜಾಸ್ತಿ ತಿನ್ನಿಸೋದು ಬೇಡ.

ಮುಖ್ಯವಾಗಿ ಹೇಳ್ಬೇಕಾದ್ದು ಮಿನರಲ್ ಮಿಕ್ಸ್ಚರ್, ಅಂದ್ರೆ ಮೇವಿಗೆ ಸೇರಿಸೋ ಖನಿಜದ ಪುಡಿ ಬಗ್ಗೆ. ನಾನು ಅಂಗಡೀಲಿ ಕುರಿಗೆ ಅಂತ ಕೇಳಿದ್ರೆ ದನದ್ದೇ ಪ್ಯಾಕೆಟ್ ಕೊಟ್ಟು ಎಲ್ಲಾ ಒಂದೇ ಅಂದ್ರು. ಎಲ್ಲಾ ಒಂದೇ ಅಲ್ಲ. ದನದ ಮಿಕ್ಸ್ಚರಲ್ಲಿ ತಾಮ್ರ ಜಾಸ್ತಿ, ಮೇಕೆ ತಡ್ಕೊಳ್ಳುತ್ತೆ ಕುರಿ ತಡ್ಕೊಳ್ಳಲ್ಲ, ತಿಂಗಳುಗಟ್ಟಲೆ ಲಿವರ್‌ನಲ್ಲಿ ಕೂತು ಒಂದಿನ ಇದ್ದಕ್ಕಿದ್ದಂಗೆ ರಕ್ತಕ್ಕೆ ಬಂದು ಕಣ್ಣು ಹಳದಿ ಆಗಿ ಕಾಫಿ ಬಣ್ಣದ ಉಚ್ಚೆ ಹೊಯ್ದು ಸಾಯುತ್ತೆ. ರೊಪ್ಪದಲ್ಲೇ ಕಟ್ಟಿ ಮೇಯಿಸೋರು ಇದನ್ನ ಗಮನಿಸಲೇಬೇಕು. ಕುರಿಗೇ ಅಂತ ಮಾಡಿರೋ ಪುಡಿ ನಮ್ಮ ತಾಲ್ಲೂಕಲ್ಲಿ ಎಷ್ಟು ಅಂಗಡಿ ಅಲೆದ್ರೂ ಸಿಗಲಿಲ್ಲ, ಕೊನೆಗೆ ಬೇರೆ ಜಿಲ್ಲೆಯಿಂದ ತರಿಸ್ದೆ. ಹತ್ತು ಕುರಿ ಇಟ್ಕೊಂಡಿರೋ ಹೆಣ್ಮಗಳು ಎಲ್ಲಿಂದ ತರಿಸ್ತಾಳೆ? ಪಶು ಆಸ್ಪತ್ರೆಗಳಲ್ಲೇ ಕುರಿ ಮಿನರಲ್ ಮಿಕ್ಸ್ಚರ್ ಒಂದು ಕೇಜಿ ಪ್ಯಾಕೆಟ್ ಮಾಡಿ ಕೊಡಿ ಅಂತ ಇಲಾಖೆಯವರಲ್ಲಿ ಕೈ ಮುಗಿದು ಕೇಳ್ಕೊಳ್ತೀನಿ. ಈಯೋಕೆ ಮೂರ್ನಾಲ್ಕು ವಾರ ಮುಂಚೆ ಹಾಕ್ಬೇಕಾದ ಕರುಳುಬೇನೆ ಲಸಿಕೇನೂ ಅದೇ ಟೈಮಿಗೆ ಸಿಗಂಗೆ ಮಾಡ್ಲಿ, ತಾಯಿಗೆ ಹಾಕಿದ್ರೆ ಗಿಣ್ಣು ಹಾಲಲ್ಲಿ ಮರಿಗೂ ಹೋಗುತ್ತೆ.

ಸಂಪಾದಕರೇ, ಶಿವರಾತ್ರಿಗೆ ಇನ್ನು ಮೂರೇ ವಾರ ಇದೆ. ಕಾಳು ಶುರು ಮಾಡೋಕೆ ಒಂದೇ ವಾರ, ದಯವಿಟ್ಟು ಅಷ್ಟರೊಳಗೆ ಈ ಪತ್ರ ಹಾಕಿ, ಜಾಗ ಸಾಲದಿದ್ರೆ ಬೇರೆ ಏನಾದ್ರೂ ಕತ್ತರಿಸಿ, ಆ ತಾಮ್ರದ ವಿಷಯ ಮಾತ್ರ ಬಿಡ್ಬೇಡಿ.

– ಒಬ್ಬ ಕುರಿ ಸಾಕೋನು, ಹಿರಿಯೂರು ತಾಲ್ಲೂಕು