ಕೆರೆಯ ‘ವಿಚಿತ್ರ ಪ್ರಾಣಿ’ ವಿಡಿಯೊ ಹಾಕುವ ಮೊದಲು

ಸದಸ್ಯರೆ, ನಮಸ್ಕಾರ. ಹಿರಿಯರು ಹೇಳುವ ಕೆರೆ-ಮಡುವಿನ ಕಥೆಗಳನ್ನು ಊರಿನ ಹೆಸರಿನೊಂದಿಗೆ ಧಾರಾಳವಾಗಿ ಹಾಕಿ, ಅವು ನಮಗೆ ಬೇಕೇ ಬೇಕು. ವಿಡಿಯೊ ವಿಷಯದಲ್ಲಿ ಮಾತ್ರ ಸ್ವಲ್ಪ ತಾಳ್ಮೆ ಇರಲಿ.

ಮೊದಲು ಅಳತೆ ನೋಡಿ. ದೋಣಿ, ಮರ, ದಡ ಯಾವುದೂ ಕಾಣದಿದ್ದರೆ ಒಂದಡಿಯದ್ದೂ ಹತ್ತಡಿಯಾಗಿ ತೋರುತ್ತದೆ. ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದ ದೈತ್ಯ ಸರೀಸೃಪದಂಥ ಪ್ರಾಣಿಯದೆಂದು ಹಲವರು ನಂಬಿದ 1934ರ ಪ್ರಸಿದ್ಧ ಫೋಟೊ ಆಟಿಕೆ ಸಬ್‌ಮರೀನಿಗೆ ಕೂಡಿಸಿದ ತಲೆ-ಕುತ್ತಿಗೆಯದು. ಸುತ್ತಲಿನ ನೀರನ್ನು ಕತ್ತರಿಸಿ ಅಚ್ಚುಹಾಕಿದ್ದರಿಂದ ದೈತ್ಯನಂತೆ ಕಂಡಿತು. ಪೂರ್ತಿ ಚಿತ್ರದಲ್ಲಿ ಅಲೆಗಳ ಪಕ್ಕ ಅದು ಪುಟ್ಟದು. 2018ರಲ್ಲಿ ಅಲ್ಲಿನ ನೀರಿನ ಡಿಎನ್‌ಎ ಪರೀಕ್ಷಿಸಿದಾಗ ಸರೀಸೃಪದ ಗುರುತು ಸಿಗಲಿಲ್ಲ, ಹಾವುಮೀನಿನದು ಹೇರಳವಾಗಿ ಸಿಕ್ಕಿತು.

ನಮ್ಮ ಕಾಳಿ ನದಿಯಲ್ಲಿ ಮೋಸ ಮಾಡುವುದು ನೀರುನಾಯಿಗಳು. ಸಾಲಾಗಿ ಮುಳುಗುತ್ತ ಏಳುತ್ತ ಈಜಿದರೆ ಮೂರ್ನಾಲ್ಕು ಗೂನಿನ ಒಂದೇ ಹಾವು ಹೋದಂತೆ ಕಾಣುತ್ತದೆ. ವಿಡಿಯೊ ನಿಧಾನ ಮಾಡಿ ನೋಡಿ. ಗೂನುಗಳ ನಡುವಿನ ಅಂತರ ಹಿಗ್ಗಿ ಕುಗ್ಗುತ್ತಿದ್ದರೆ ಅವು ಬೇರೆ ಬೇರೆ ಪ್ರಾಣಿಗಳು. ದೋಣಿ ದಾಟಿ ಹೋದ ಮೇಲೆ ಉಳಿಯುವ ಅಲೆಯೂ ಹೀಗೇ ಕಣ್ಣಿಗೆ ಮೋಸ ಮಾಡುತ್ತದೆ.

ಮೂಲ ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವಾದರೆ ವಾಟ್ಸಾಪ್ ಕುಗ್ಗಿಸಿ ಅಂಚುಗಳು ಮಸುಕಾಗುತ್ತವೆ. ಜಾಗ, ದಿನ, ಹೊತ್ತು ಬರೆಯಿರಿ. ದಾಂಡೇಲಿ ಕಡೆ ಹತ್ತಿರದ ಚಿತ್ರಕ್ಕಾಗಿ ನೀರಂಚಿಗೆ ಇಳಿಯಲೇಬೇಡಿ, ಅಲ್ಲಿ ಮೊಸಳೆಗಳಿವೆ.