ಎಲ್‌ಸಿ ನಂಬರ್ 47

ಹದಿನಾಲ್ಕು ತಿಂಗಳಾದ ಮೇಲೆ ಮೊನ್ನೆ ಮಂಗಳವಾರ ಮತ್ತೆ ಕಂಬ ಹತ್ತಿದೆ. ತೀರ್ಥಹಳ್ಳಿಯಿಂದ ಕೊಪ್ಪಕ್ಕೆ ಹೋಗುವ ರಸ್ತೆ, 11 ಕೆವಿ ಲೈನು, ಹಲಸಿನ ಕೊಂಬೆ ಬಿದ್ದು ಜಂಪರ್, ಅಂದರೆ ಕಂಬದ ಮೇಲೆ ತಂತಿಗೆ ತಂತಿ ಸೇರಿಸುವ ತುಂಡು, ಕಿತ್ತುಹೋಗಿತ್ತು.

ನನ್ನ ತಲೆಯ ಆಪರೇಷನ್ನಿನ ಕಥೆ ನಿಮಗೆಲ್ಲ ಗೊತ್ತಿರೋದೇ. ನಿಮ್ಹಾನ್ಸ್‌ನ ಡಾಕ್ಟರು, ಸಿಸ್ಟರುಗಳು, ರಕ್ತ ಕೊಟ್ಟ ಹುಡುಗರು, ದುಡ್ಡು ಹೊಂದಿಸಿದ ಸೆಕ್ಷನ್ನಿನವರು, ಮಳೆಗಾಲವಿಡೀ ನನ್ನ ಪಾಲಿನ ಕಂಬವನ್ನೂ ಹತ್ತಿ ನನ್ನನ್ನು ಆಫೀಸಿನ ಫೋನಿನ ಮುಂದೆ ಕೂರಿಸಿದವರು, ಎಲ್ಲರಿಗೂ ಕೈ ಮುಗೀತೀನಿ. ಹೆಂಡತಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಬೈತಾಳೆ.

ಉಳಿದದ್ದೆಲ್ಲ ನಮ್ಮ ಲೈನ್‌ಮನ್‌ಗಳ ಹಳೇ ಮೇಸ್ತ್ರಿಗೆ. ಅವರ ಹತ್ತಿರ ಇರೋದು ಬಟನ್ ಫೋನು, ಇದನ್ನ ಓದಲ್ಲ. ಹಾಗಾಗಿ ಧೈರ್ಯವಾಗಿ ಬರೀತಿದೀನಿ.

ಆಪರೇಷನ್ ಆಗಿ ಮೂರನೇ ರಾತ್ರಿ. ಹೆಂಡತಿಗೆ ಜ್ವರ. ರಿಟೈರ್ ಆಗಿದ್ದ ಮನುಷ್ಯ ಬಸ್ ಹತ್ತಿ ಬೆಂಗಳೂರಿಗೆ ಬಂದು ನನ್ನ ಮಂಚದ ಪಕ್ಕ ಕೂತಿದ್ದರು. ನನಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ. ಡ್ರಿಪ್ಪಿನ ಪೈಪು ಲೈನಿನ ಹಾಗೆ ಕಾಣ್ತಿತ್ತು. 'ಎಲ್‌ಸಿ ಆಗಿಲ್ಲ, ಯಾರೂ ಮುಟ್ಟಬೇಡಿ' ಅಂತ ಕೂಗ್ತಿದ್ದೆನಂತೆ. ಎಲ್‌ಸಿ ಅಂದರೆ ಲೈನ್ ಕ್ಲಿಯರ್, ಲೈನ್ ಆಫ್ ಮಾಡಿದೀವಿ, ಕೆಲಸ ಮಾಡಬಹುದು ಅಂತ ಸಬ್‌ಸ್ಟೇಷನ್ನಿನವರು ನಂಬರ್ ಹಾಕಿ ಕೊಡುವ ಒಪ್ಪಿಗೆ. ಬೇರೆಯವರಾಗಿದ್ದರೆ 'ಇದು ಆಸ್ಪತ್ರೆ ಕಣೋ' ಅನ್ನೋರು. ಮೇಸ್ತ್ರಿ ಎದ್ದು ನಿಂತು, ಸ್ಟೇಷನ್ನಿಗೆ ಫೋನ್ ಮಾಡಿದ ಹಾಗೆ ಕೈಯನ್ನ ಕಿವಿಗಿಟ್ಟು, 'ಎಲ್‌ಸಿ ಸಿಕ್ತು ಮಾರಾಯ. ನಂಬರ್ 47. ಎರಡೂ ಕಡೆ ಅರ್ಥ್ ಹಾಕಿದೀನಿ, ಮಲಗು' ಅಂದರು. ಮಲಗಿದೆ. ಕಾಲು ಗಂಟೆಗೆ ಮತ್ತೆ ಎದ್ದು ಕೂಗಿದೆ. ಮತ್ತೆ 47. ಬೆಳಗಿನವರೆಗೂ ಇದೇ. ಒಂದು ಸಲವೂ ನಂಬರ್ ತಪ್ಪಲಿಲ್ಲ, ದನಿ ಏರಲಿಲ್ಲ.

ಬೆಳಿಗ್ಗೆ ಡಾಕ್ಟರು ಮಗಳ ಹೆಸರು ಕೇಳಿದರು. ಬರಲಿಲ್ಲ. 47 ಬಂತು. ಇದನ್ನ ಇವತ್ತಿನವರೆಗೆ ಮನೆಯಲ್ಲೂ ಹೇಳಿಲ್ಲ. ಹೆಸರು ವಾಪಸ್ ಬಂದಾಗ ಮಧ್ಯಾಹ್ನವಾಗಿತ್ತು. ಅಲ್ಲಿಯವರೆಗೆ ನಾನು ಗೋಡೆ ಕಡೆ ಮುಖ ಮಾಡಿ ಅತ್ತಿದ್ದನ್ನ ಮೇಸ್ತ್ರಿ ನೋಡದವರ ಹಾಗೆ ಕಿತ್ತಳೆ ಸುಲೀತಿದ್ದರು.

ಎರಡೂ ಕಡೆ ಅರ್ಥ್ ಅಂದರೇನು ಅಂತ ಹೊರಗಿನವರಿಗೆ ಹೇಳಬೇಕು. ಲೈನ್ ಆಫ್ ಆಗಿದೆ ಅಂತ ಕೈ ಹಾಕಿ ಸತ್ತವರಿದ್ದಾರೆ. ಯಾರದೋ ಮನೆಯ ಜನರೇಟರ್ ಕರೆಂಟು ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ಹಿಂದಿನಿಂದ ನುಗ್ಗಿದರೆ ಮೇಲೆ 11 ಸಾವಿರ ವೋಲ್ಟ್ ಆಗಿ ಬರುತ್ತೆ. ಅದಕ್ಕೇ ಕೆಲಸ ಮಾಡುವ ಜಾಗದ ಎರಡೂ ಕಡೆ ಲೈನನ್ನ ರಾಡು ಹಾಕಿ ನೆಲಕ್ಕೆ ಕಟ್ಟೋದು.

ಮಂಗಳವಾರ ಮೇಸ್ತ್ರಿ ಕರೆಯದೇ ಬಂದರು, ತಮ್ಮ ಹಳೇ ಟಿವಿಎಸ್ ಮೇಲೆ. ಅರ್ಥ್ ರಾಡು ಅಲ್ಲಾಡಿಸಿ ನೋಡಿದರು. ನನ್ನ ಬೆಲ್ಟು ಜಗ್ಗಿದರು. 'ಎಲ್‌ಸಿ ನಂಬರ್ ಎಷ್ಟು?'

'12.'

'ಸರಿ, ಹತ್ತು' ಅಂದರು. ಮಳೆ ಹನಿ ಶುರುವಾಯ್ತು. ನಾನು ಇಳಿಯುವವರೆಗೂ ಅವರು ಕೊಡೆ ಬಿಡಿಸಲಿಲ್ಲ.